ಕಾಪುವಿನ ಹೊಸ ಮನೆಗೆ ಬಿಸಿನೀರು: ಹೀಟ್ ಪಂಪೋ, ಗ್ಯಾಸ್ ಗೀಸರೋ?

ಪ್ರಶ್ನೆ: ಕಾಪುವಿನಲ್ಲಿ, ಸಮುದ್ರದಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ಎರಡು, ಮೇಲೆ ಒಂದು ಬಚ್ಚಲುಮನೆ. ಎಪ್ಪತ್ತು ದಾಟಿದ ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು ಸೇರಿ ಆರು ಜನ. ನೀರು ಬಾವಿಯದು. ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಮ್ಮ ತನ್ನ ಮನೆಯ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುತ್ತಿದ್ದಾನೆ, ನಮಗೂ ಅದನ್ನೇ ಹಾಕಿಸಲು ಹೇಳುತ್ತಾನೆ. ನಮ್ಮ ಪ್ಲಂಬರ್ ಮಾತ್ರ ಗ್ಯಾಸ್ ಗೀಸರ್ ಸಾಕು, ಹತ್ತು ಪಟ್ಟು ಹಣ ಯಾಕೆ ಸುರಿಯುತ್ತೀರಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹೆಸರು ಒಂದೇ ಆದರೂ ನಿಮ್ಮ ತಮ್ಮನ ಮನೆಯಲ್ಲಿ ಆ ಯಂತ್ರಕ್ಕಿರುವ ಕೆಲಸವೇ ಬೇರೆ. ಲೀಡ್ಸ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ 4 ಡಿಗ್ರಿಯ ಆಸುಪಾಸು ಇರುತ್ತದೆ. ಅಲ್ಲಿ ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖವನ್ನು ಎತ್ತಿ ಒಳಗೆ ತರುವ ವಿದ್ಯುತ್ ಯಂತ್ರ, ಅರ್ಧ ವರ್ಷ ಇಡೀ ಮನೆಯನ್ನು ಬೆಚ್ಚಗಿಡಬೇಕು. ಸ್ನಾನದ ನೀರು ಕಾಯಿಸುವುದು ಅದರ ಉಪಕಸುಬು. ಬ್ರಿಟನ್ನಿನ ಸಾಧಾರಣ ಮನೆಯೊಂದು ವರ್ಷಕ್ಕೆ ಸುಮಾರು 11,500 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖಕ್ಕೆ ಸಮನಾದ ಗ್ಯಾಸ್ ಉರಿಸುತ್ತದೆ ಎಂಬುದು ಅಲ್ಲಿನ ಇಂಧನ ನಿಯಂತ್ರಕರ 2023ರ ಅಂದಾಜು. ಬಾಯ್ಲರ್ ತೆಗೆದು ಹೀಟ್ ಪಂಪ್ ಹಾಕುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ಆದರೆ ಅಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದರವಿರುವುದರಿಂದ, ಒಂದಕ್ಕೆ ಮೂರು ಪಾಲು ಶಾಖ ಕೊಡುವ ಯಂತ್ರ ಹಾಕಿದರೂ ತಿಂಗಳ ಬಿಲ್ಲು ಇಳಿಯುತ್ತದೆಂಬ ಖಾತ್ರಿ ಇಲ್ಲ. ಚಳಿಯಲ್ಲಿ, ಗಾಳಿಯಿಂದ ಶಾಖ ಹೀರುವ ಅದರ ಕೊಳವೆಯ ಸುರುಳಿಯ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರವು ಆಗಾಗ ತನ್ನ ಕೆಲಸ ನಿಲ್ಲಿಸಿ ಹಿಮ್ಮುಖವಾಗಿ ಓಡಬೇಕಾಗುತ್ತದೆ.

ನಮ್ಮಲ್ಲಿ ಇವೆಲ್ಲ ತಿರುಗುಮುರುಗು. ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ 14.2 ಕೆಜಿಯ ಲೆಕ್ಕದಲ್ಲಿ ಒಂದು ಕೆಜಿಗೆ 63 ರೂಪಾಯಿ ಬೀಳುತ್ತದೆ. ಒಂದು ಕೆಜಿ ಎಲ್‌ಪಿಜಿಯಲ್ಲಿ ಸುಮಾರು 11,000 ಕಿಲೊಕ್ಯಾಲರಿ, ಅಂದರೆ ಹೆಚ್ಚುಕಡಿಮೆ 12.8 ಯೂನಿಟ್ ಶಾಖವಿದೆ. ಹಾಗಾಗಿ ಗ್ಯಾಸಿನ ಶಾಖ ಯೂನಿಟ್‌ಗೆ 5 ರೂಪಾಯಿ. ಮೆಸ್ಕಾಂ ವಿದ್ಯುತ್ತು ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ 7 ರೂಪಾಯಿ ಎಂದಿಟ್ಟುಕೊಳ್ಳೋಣ. ಇಂಗ್ಲೆಂಡಿನಲ್ಲಿ ನಾಲ್ಕು ಪಟ್ಟು ಇರುವ ಅಂತರ ಇಲ್ಲಿ ಒಂದೂವರೆ ಪಟ್ಟೂ ಇಲ್ಲ. ಹವೆಯೂ ಯಂತ್ರದ ಪರವಾಗಿಯೇ ಇದೆ. ಹಾಗಿದ್ದರೂ ನಾನು ಕಣ್ಣು ಮುಚ್ಚಿ ಹೀಟ್ ಪಂಪ್ ಹಾಕಿಸಿ ಎಂದು ಹೇಳದಿರುವುದಕ್ಕೆ ಕಾರಣವೆಂದರೆ, ಕರಾವಳಿಯ ಮನೆಯಲ್ಲಿ ಆ ಯಂತ್ರಕ್ಕೆ ಮಾಡಲು ಸಾಕಷ್ಟು ಕೆಲಸವೇ ಇರುವುದಿಲ್ಲ. ನಿಮ್ಮ ತೀರ್ಮಾನ ನಿಂತಿರುವುದು ದಿನಕ್ಕೆ ಎಷ್ಟು ಬಕೆಟ್ ಬಿಸಿನೀರು ಬೇಕು ಎಂಬುದರ ಮೇಲೆ.

ಫ್ರಿಜ್ಜಿನ ಹಿಂಬದಿಯನ್ನು ಮುಟ್ಟಿ ನೋಡಿದವರಿಗೆ ಹೀಟ್ ಪಂಪ್ ಹೊಸದೇನಲ್ಲ. ಫ್ರಿಜ್ಜು ತನ್ನ ಒಳಗಿನ ಶಾಖವನ್ನು ಎತ್ತಿ ಹಿಂದಕ್ಕೆ ಚೆಲ್ಲುತ್ತದೆ; ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಎತ್ತಿ ಟ್ಯಾಂಕಿನ ನೀರಿಗೆ ತುಂಬುತ್ತದೆ. ಎತ್ತುವ ಕೆಲಸಕ್ಕಷ್ಟೇ ಕರೆಂಟು ಬೇಕು. ಗಾಳಿ 27 ಡಿಗ್ರಿ, ನೀರು 50 ಡಿಗ್ರಿ ಎಂದರೆ ಎತ್ತಬೇಕಾದ ಎತ್ತರ ಕಡಿಮೆ. ಒಂದು ಯೂನಿಟ್ ವಿದ್ಯುತ್ತಿಗೆ ಮೂರರಿಂದ ಮೂರೂವರೆ ಯೂನಿಟ್ ಶಾಖ ಸಿಗುತ್ತದೆ. ಇದರ ಜೊತೆಗೆ ನಮ್ಮ ಗಾಳಿಯ ತೇವವೂ ಲೆಕ್ಕಕ್ಕೆ ಬರುತ್ತದೆ. ತಣ್ಣನೆಯ ಸುರುಳಿಗೆ ತಾಗಿ ಒಂದು ಲೀಟರ್ ನೀರು ಹನಿಗಟ್ಟಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಬಿಡುಗಡೆಯಾಗುತ್ತದೆ, ಅದೂ ನಿಮ್ಮ ಟ್ಯಾಂಕಿಗೇ ಸೇರುತ್ತದೆ. ಜುಲೈಯಲ್ಲಿ ಯಂತ್ರದ ಅಡಿಯಿಂದ ಟಪಟಪನೆ ನೀರು ತೊಟ್ಟಿಕ್ಕುವುದನ್ನು ಕಂಡು ಟ್ಯಾಂಕ್ ಸೋರುತ್ತಿದೆ ಎಂದು ಗಾಬರಿಯಿಂದ ಫೋನ್ ಮಾಡುವವರಿದ್ದಾರೆ. ಅದು ಸೋರಿಕೆಯಲ್ಲ, ಯಂತ್ರ ಚೆನ್ನಾಗಿ ದುಡಿಯುತ್ತಿದೆ ಎಂಬುದರ ಗುರುತು. ಆ ನೀರು ಹರಿದು ಹೋಗಲು ಒಂದು ಸಣ್ಣ ಪೈಪ್ ಇಟ್ಟರೆ ಮುಗಿಯಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ನಮ್ಮ ಊರುಗಳಲ್ಲಿ ಬಿಸಿನೀರು ನಿಜವಾಗಿ ಬೇಕಾಗುವುದು ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ. ಸೋಲಾರ್ ಹೀಟರ್ ಕೈಕೊಡುವ ಆ ದಿನಗಳಲ್ಲೇ ಹೀಟ್ ಪಂಪ್ ಸಲೀಸಾಗಿ ಓಡುತ್ತದೆ.

ಈಗ ಬಕೆಟ್ಟಿನ ಲೆಕ್ಕಕ್ಕೆ ಬರೋಣ. ಒಬ್ಬರಿಗೆ 20 ಲೀಟರಿನ ಎರಡು ಬಕೆಟ್ ಎಂದರೆ ಆರು ಜನಕ್ಕೆ 240 ಲೀಟರ್. ಹಿರಿಯರು ಸಂಜೆ ಮೈಗೆ ನೀರು ಹಾಕಿಕೊಳ್ಳುವುದು, ಎಣ್ಣೆ ಪಾತ್ರೆ ತೊಳೆಯುವುದು ಸೇರಿ 300 ಲೀಟರ್ ಎನ್ನೋಣ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಒಂದು ಕಿಲೊಕ್ಯಾಲರಿ ಬೇಕು; 27 ಡಿಗ್ರಿಯ ಬಾವಿನೀರು ಹದವಾಗಿ 40 ಡಿಗ್ರಿಗೆ ಬರಬೇಕಾದರೆ 300ನ್ನು 13ರಿಂದ ಗುಣಿಸಿ: 3,900 ಕಿಲೊಕ್ಯಾಲರಿ, ಅಂದರೆ ನಾಲ್ಕೂವರೆ ಯೂನಿಟ್ ಶಾಖ. ಟ್ಯಾಂಕಿನಿಂದ ಸೋರುವ ಶಾಖವನ್ನೂ ಸೇರಿಸಿದರೆ ಹೀಟ್ ಪಂಪ್ ಇದಕ್ಕೆ ದಿನಕ್ಕೆ 1.6 ಯೂನಿಟ್ ತೆಗೆದುಕೊಳ್ಳುತ್ತದೆ, 11 ರೂಪಾಯಿ. ನೂರರಲ್ಲಿ ಎಂಬತ್ತು ಪಾಲು ಶಾಖವನ್ನು ನೀರಿಗೆ ಮುಟ್ಟಿಸುವ ಗ್ಯಾಸ್ ಗೀಸರ್‌ಗೆ 0.44 ಕೆಜಿ ಗ್ಯಾಸ್ ಬೇಕು, 28 ರೂಪಾಯಿ. ಒಂದು ಸಿಲಿಂಡರ್ ಒಂದು ತಿಂಗಳು ಬರುತ್ತದೆ. ಮಾಮೂಲಿ ಕರೆಂಟ್ ಗೀಸರ್‌ಗೆ 5 ಯೂನಿಟ್, 35 ರೂಪಾಯಿ. ಕರಾವಳಿಯಲ್ಲಿ ಮಾರ್ಚಿನಿಂದ ಮೇವರೆಗೆ ಬಿಸಿನೀರು ಕೇಳುವವರು ಕಡಿಮೆ. ವರ್ಷಕ್ಕೆ 300 ದಿನ ಎಂದು ಹಿಡಿದರೆ ಗ್ಯಾಸಿಗಿಂತ ಹೀಟ್ ಪಂಪಿನಲ್ಲಿ ಉಳಿಯುವುದು 5,100 ರೂಪಾಯಿ. ಶಾಖದ ಬೇಡಿಕೆಯೇ 1,350 ಯೂನಿಟ್, ನಿಮ್ಮ ತಮ್ಮನ ಮನೆಯ ಎಂಟನೇ ಒಂದು ಭಾಗ.

200 ಲೀಟರಿನ ಹೀಟ್ ಪಂಪ್ ಹಾಕಿ ಮುಗಿಸುವಾಗ ಲಕ್ಷ ರೂಪಾಯಿಯ ಆಸುಪಾಸು ಆಗುತ್ತದೆ. ಎರಡು ಮೂರು ಗ್ಯಾಸ್ ಗೀಸರ್ ಪೈಪು ಸಮೇತ 20 ಸಾವಿರದಲ್ಲಿ ಮುಗಿದೀತು. ಉಳಿದ 80 ಸಾವಿರವನ್ನು ವರ್ಷಕ್ಕೆ 5,100ರಂತೆ ಮರಳಿ ಪಡೆಯಲು ಹದಿನೈದು ವರ್ಷಕ್ಕಿಂತ ಹೆಚ್ಚು ಬೇಕು, ಅಷ್ಟರಲ್ಲಿ ಯಂತ್ರದ ಆಯುಸ್ಸೇ ಮುಗಿಯುತ್ತಾ ಬಂದಿರುತ್ತದೆ. ಆದ್ದರಿಂದ ಬರೀ ಹಣದ ಲೆಕ್ಕದಲ್ಲಿ ನಿಮ್ಮ ಪ್ಲಂಬರ್ ಹೇಳಿದ್ದು ಸರಿ. ಹೋಂಸ್ಟೇ ನಡೆಸುವವರಿಗೆ ಈ ಲೆಕ್ಕ ಪೂರ್ತಿ ಬದಲಾಗುತ್ತದೆ: ಅವರಿಗೆ 19 ಕೆಜಿಯ ವಾಣಿಜ್ಯ ಸಿಲಿಂಡರಿನ ದರ, ದಿನಕ್ಕೆ ಸಾವಿರ ಲೀಟರಿನ ಬೇಡಿಕೆ, ಎರಡು ಮೂರು ವರ್ಷದಲ್ಲಿ ಹಾಕಿದ ಹಣ ಕೈಗೆ ಬಂದೀತು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯವರು ಕೇಳಿದ್ದರೆ ನನ್ನ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು.

ಕರೆಂಟ್ ಗೀಸರ್ ಹಾಕುವ ಯೋಚನೆಯಿದ್ದರೆ ಒಂದು ಎಚ್ಚರಿಕೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಉಚಿತ ಪ್ರಮಾಣ ಮೀರಿದರೆ ಹೆಚ್ಚುವರಿಗಷ್ಟೇ ಹಣ ಕಟ್ಟಬೇಕು, ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆರು ಜನರ ಮನೆಯಲ್ಲಿ ಗೀಸರ್ ಒಂದೇ ತಿಂಗಳಿಗೆ 150 ಯೂನಿಟ್ ತಿಂದರೆ 200ರ ಒಳಗೆ ಇರುವುದು ಆಗದ ಮಾತು. ಹೀಟ್ ಪಂಪ್ 50ರ ಒಳಗೆ ಮುಗಿಸುತ್ತದೆ.

ಇನ್ನು ನಾನು ಹಣಕ್ಕಿಂತ ಮೇಲೆ ಇಡುವ ವಿಷಯ. ನಿಮ್ಮ ಪ್ಲಂಬರ್ ಗ್ಯಾಸ್ ಗೀಸರನ್ನು ಎಲ್ಲಿ ಇಡುತ್ತೇನೆ ಎಂದರು? ಬಚ್ಚಲುಮನೆಯ ಒಳಗೆ ಎಂದಾದರೆ ಅವರ ಮಾತು ಖಂಡಿತ ಕೇಳಬೇಡಿ. ನಿಮಿಷಕ್ಕೆ 6 ಲೀಟರ್ ಕೊಡುವ ಗೀಸರ್ ಗಂಟೆಗೆ ಸುಮಾರು ಒಂದು ಕೆಜಿ ಗ್ಯಾಸ್ ಉರಿಸುತ್ತದೆ, ಒಂದು ಕೆಜಿ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಎಂಟಡಿ ಉದ್ದ, ಒಂಬತ್ತಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ಒಟ್ಟು 10 ಘನ ಮೀಟರ್. ಮಳೆಯ ಎರಚಲಿಗೆ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ ಹದಿನೈದು ನಿಮಿಷ ಸ್ನಾನ ಮಾಡಿದರೆ ಆ ಗಾಳಿಯ ಮೂರನೇ ಒಂದು ಪಾಲನ್ನು ಗೀಸರ್ ಬಳಸಿರುತ್ತದೆ. ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರಿಸುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಭಾರವಾಯಿತು ಎಂದು ತಿಳಿಯುವಷ್ಟರಲ್ಲಿ ಚಿಲಕ ತೆಗೆಯಲು ಕೈಯಲ್ಲಿ ಬಲವಿರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹೊರಗಿನಿಂದ ಗಾಳಿ ಒಳಬರಲು ದಾರಿಯಿಲ್ಲದ ಕೋಣೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಗ್ಯಾಸ್ ಗೀಸರ್ ಇರಬೇಕಾದದ್ದು ಮನೆಯ ಹೊರಗೋಡೆಯ ಮೇಲೆ, ಮಳೆ ತಾಗದ ಹಾಗೆ ಒಂದು ಮಾಡಿನ ಕೆಳಗೆ, ಮೂರು ಕಡೆ ತೆರೆದ ಜಾಗದಲ್ಲಿ. ಒಳಗೆ ಬರಬೇಕಾದದ್ದು ಬಿಸಿನೀರಿನ ಪೈಪ್ ಮಾತ್ರ.

ಹೊರಗೋಡೆಯಲ್ಲಿಟ್ಟ ಗ್ಯಾಸ್ ಗೀಸರ್‌ನ ಗುಣವನ್ನೂ ಹೇಳಬೇಕು. ಎರಡು ಟಾರ್ಚ್ ಸೆಲ್ ಇದ್ದರೆ ಸಾಕು, ಕರೆಂಟಿನ ಹಂಗಿಲ್ಲ. ಜೂನಿನ ಗಾಳಿಗೆ ಮರ ಬಿದ್ದು ಎರಡು ದಿನ ಲೈನ್ ಇಲ್ಲದಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಹೀಟ್ ಪಂಪಿನ ಟ್ಯಾಂಕ್ ಒಂದು ದಿನ ಬಿಸಿ ಹಿಡಿದೀತು, ಎರಡನೇ ದಿನ ನೀರು ಉಗುರುಬೆಚ್ಚಗೆ. ಮನೆಯ ಸಾಮಾನ್ಯ ಇನ್ವರ್ಟರ್ ಅದರ ಕಂಪ್ರೆಸರನ್ನು ಎತ್ತಲಾರದು. ಆದರೆ ಗ್ಯಾಸ್ ಗೀಸರ್‌ಗೆ ನೀರಿನ ಒತ್ತಡ ಬೇಕು. ಮೇಲಿನ ಬಚ್ಚಲಿನ ನೇರ ಮೇಲೆ, ತಾರಸಿಗೆ ತಾಗಿಕೊಂಡಂತೆ ಓವರ್‌ಹೆಡ್ ಟ್ಯಾಂಕ್ ಇಟ್ಟರೆ ನಲ್ಲಿ ತಿರುಗಿಸಿದಾಗ ಟಕ್ ಟಕ್ ಎಂಬ ಶಬ್ದ ಬರುತ್ತದೆಯೇ ಹೊರತು ಜ್ವಾಲೆ ಹತ್ತುವುದಿಲ್ಲ. ಮಂಗಳೂರಿನ ನೆಂಟರ ಮನೆಗೆ ಪೈಪಿನ ಗ್ಯಾಸ್ ಬಂದಿದ್ದು, ಮುಂದೆ ನಿಮಗೂ ಬರಬಹುದೆಂದು ಕಾಯುತ್ತಿದ್ದರೆ ಇದು ನೆನಪಿರಲಿ: 2021ರ ಜನವರಿಯಲ್ಲಿ ಲೋಕಾರ್ಪಣೆಯಾದ, 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆಯಲ್ಲಿ ಬರುವುದು ನೈಸರ್ಗಿಕ ಅನಿಲ, ಸಿಲಿಂಡರಿನ ಎಲ್‌ಪಿಜಿ ಅಲ್ಲ. ಅದಕ್ಕೆ ಗೀಸರ್‌ನಲ್ಲಿ ಗ್ಯಾಸ್ ಚಿಮ್ಮುವ ಜೆಟ್ ಬದಲಿಸಬೇಕು. ಲೆಕ್ಕಕ್ಕೆ, ಅದರ ಒಂದು ಘನ ಮೀಟರ್ ಎಂದರೆ ಮುಕ್ಕಾಲು ಕೆಜಿ ಎಲ್‌ಪಿಜಿ.

ಬಾವಿನೀರಿನ ಬಗ್ಗೆ ನೀವು ಹೇಳಿದ್ದು ಒಳ್ಳೆಯದಾಯಿತು. ಘಟ್ಟದ ಮೇಲಿನವರು ಗೀಸರ್ ಹಾಳಾಯಿತು ಎಂದರೆ ಬೋರ್‌ವೆಲ್ಲಿನ ಬಿಳಿ ಸುಣ್ಣ ಕಟ್ಟಿತು ಎಂದರ್ಥ. ನಮ್ಮ ಕೆಂಪುಕಲ್ಲಿನ ನೆಲದ ಬಾವಿಗಳಲ್ಲಿ ಸುಣ್ಣದಂಶ ತೀರಾ ಕಡಿಮೆ, ಆದರೆ ನೀರು ತುಸು ಹುಳಿ, ಪಿಎಚ್ 6.5ಕ್ಕಿಂತ ಕೆಳಗಿರುವುದು ಇಲ್ಲಿ ಸಾಮಾನ್ಯ. ಈ ನೀರು ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಐದು ವರ್ಷ ಬಾವಿನೀರು ಕುಡಿದ ಒಂದು ಗ್ಯಾಸ್ ಗೀಸರನ್ನು ಬಿಚ್ಚಿ ನೋಡಿದ್ದೆ: ತಾಮ್ರದ ಸುರುಳಿಯ ತಿರುವಿನಲ್ಲಿ ಹಸಿರು ಹಿಟ್ಟು, ಅದನ್ನು ಉಗುರಿನಿಂದ ಕೆರೆದಾಗ ಕೆಳಗೆ ಸೂಜಿಮೊನೆಯಷ್ಟು ತೂತು. ಬಚ್ಚಲಿನ ಬಿಳಿ ಟೈಲ್ ಮೇಲೆ ನಲ್ಲಿಯ ಕೆಳಗೆ ನೀಲಿ ಹಸಿರು ಗೆರೆ ಬಿದ್ದಿದ್ದರೆ ಅದು ಕರಗಿ ಬಂದ ತಾಮ್ರವೇ. ಹೀಟ್ ಪಂಪ್ ಕೊಳ್ಳುವುದಾದರೆ ಗಾಜಿನ ಲೇಪನದ ಟ್ಯಾಂಕ್ ಇರಲಿ. ಅದರೊಳಗಿನ ಮೆಗ್ನೀಷಿಯಂ ಆನೋಡ್ ಸರಳು ಟ್ಯಾಂಕಿನ ಬದಲು ತಾನು ಕರಗುವುದಕ್ಕೆಂದೇ ಇರುವುದು, ಎರಡು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಸವೆದಿದ್ದರೆ ಬದಲಿಸಬೇಕು. ಮಾರುವವರು ಇದನ್ನು ಹೇಳುವುದು ಅಪರೂಪ. ಏಪ್ರಿಲ್, ಮೇಯಲ್ಲಿ ನಿಮ್ಮ ಬಾವಿನೀರು ಉಪ್ಪಾಗುವುದಿದ್ದರೆ ಸ್ಟೀಲ್ ಟ್ಯಾಂಕಿನಲ್ಲಿ 304 ದರ್ಜೆ ಬೇಡ, 316 ಕೇಳಿ.

ಹೊರಗಿನ ಗಾಳಿಯದೂ ಅದೇ ಕಥೆ. ಮಲ್ಪೆಯ ಕಡಲ ತಡಿಯ ಮನೆಯೊಂದರಲ್ಲಿ ಲೇಪನವಿಲ್ಲದ ಅಲ್ಯೂಮಿನಿಯಂ ಫಿನ್ (ಸುರುಳಿಗೆ ಜೋಡಿಸಿದ ತೆಳು ತಗಡು) ಇದ್ದ ಯಂತ್ರ ಮೂರನೇ ಮಳೆಗಾಲದ ಹೊತ್ತಿಗೆ ಹೇಗಾಗಿತ್ತೆಂದರೆ, ಬೆರಳಿನಿಂದ ಸವರಿದಾಗ ಫಿನ್ನುಗಳು ಹಳೆಯ ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂದವು. ನೀವು ಒಂದೂವರೆ ಕಿಲೋಮೀಟರ್ ಒಳಗಿದ್ದೀರಿ, ಅಷ್ಟು ಭಯವಿಲ್ಲ; ಆದರೂ ಎಪಾಕ್ಸಿ ಲೇಪನದ ಫಿನ್ ಇರುವುದನ್ನೇ ಕೇಳಿ, ಯಂತ್ರವನ್ನು ಮನೆಯ ಪೂರ್ವದ ಮಗ್ಗುಲಲ್ಲಿಡಿ, ತಿಂಗಳಿಗೊಮ್ಮೆ ಫಿನ್ನಿಗೆ ಸಿಹಿನೀರು ಚಿಮುಕಿಸಿ ತೊಳೆಯಿರಿ. ಯಂತ್ರದೊಳಗೆ ಸುತ್ತುತ್ತಾ ಶಾಖ ಹೊರುವ ಶೀತಕ ಅನಿಲ ಯಾವುದು ಎಂದೂ ವಿಚಾರಿಸಿ. ಆರ್-134ಎ ಇರುವ ಯಂತ್ರಗಳು ಹೆಚ್ಚು; ಹೊಸದಾಗಿ ಬರುತ್ತಿರುವ ಆರ್-290 ಎಂಬುದು ಪ್ರೊಪೇನ್, ಅಂದರೆ ನಿಮ್ಮ ಸಿಲಿಂಡರಿನಲ್ಲಿರುವ ಎಲ್‌ಪಿಜಿಯ ಒಂದು ಭಾಗವೇ. ಗ್ಯಾಸ್ ಬೇಡ ಎಂದು ಹೀಟ್ ಪಂಪ್ ಕೊಂಡವರ ಯಂತ್ರದೊಳಗೆ ಅದೇ ಗ್ಯಾಸ್ ಉರಿಯದೆ ವರ್ಷಗಟ್ಟಲೆ ಸುತ್ತುತ್ತಿರುತ್ತದೆ.

ಜಾಗದ ವಿಷಯದಲ್ಲಿ ಆಗುವ ತಪ್ಪೊಂದನ್ನು ಹೇಳದೆ ಬಿಡುವಂತಿಲ್ಲ. ಮಣಿಪಾಲದ ಒಂದು ಮನೆಯಲ್ಲಿ ಯಂತ್ರ ಚೆಂದ ಕಾಣುವುದಿಲ್ಲವೆಂದು ಅದನ್ನು ಮೆಟ್ಟಿಲಡಿಯ ಸಣ್ಣ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದ್ದರು. ಯಂತ್ರ ತಾನು ಬಿಟ್ಟ ತಣ್ಣನೆಯ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ನಾನು ಹೋದಾಗ ಒಳಗೆ ಫ್ರಿಜ್ಜಿನ ಬಾಗಿಲು ತೆರೆದಂತಹ ಚಳಿ, ಮೂರು ಗಂಟೆಯಲ್ಲಿ ಕಾಯಬೇಕಾದ 200 ಲೀಟರ್ ಆರು ಗಂಟೆಯಾದರೂ ಕಾದಿರಲಿಲ್ಲ. ಬಾಗಿಲಿನ ಹಲಗೆ ತೆಗೆದು ಜಾಲರಿ ಹಾಕಿದ ಮೇಲೆ ಸರಿಹೋಯಿತು. ಹಾಗೆಯೇ ಟ್ಯಾಂಕಿನಿಂದ ಬಚ್ಚಲಿಗೆ ದೂರ ಹೆಚ್ಚಿದ್ದರೆ 20 ಮಿಲಿಮೀಟರ್ ಒಳವ್ಯಾಸದ 15 ಮೀಟರ್ ಪೈಪಿನಲ್ಲಿ ನಾಲ್ಕೂವರೆ ಲೀಟರಿಗಿಂತ ಹೆಚ್ಚು ನೀರು ತಣ್ಣಗೆ ನಿಂತಿರುತ್ತದೆ, ಪ್ರತಿ ಬಾರಿಯೂ ಅಷ್ಟು ಚೆಲ್ಲಬೇಕು.

ಪರಿಸರದ ಲೆಕ್ಕ ಚಿಕ್ಕದು. ಯೆಲ್ಲೂರಿನ 1,200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಚಿಮಣಿ ನಿಮ್ಮ ಊರಿಗೆ ದೂರವೇನಲ್ಲ, ಕರೆಂಟು ಶುದ್ಧವಲ್ಲವೆಂದು ನಿಮಗೆ ಯಾರೂ ಹೇಳಬೇಕಿಲ್ಲ. ದೇಶದ ವಿದ್ಯುತ್ತಿಗೆ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ನಿಮ್ಮ ಮನೆಯ ದಿನದ ಬಿಸಿನೀರಿಗೆ ಹೀಟ್ ಪಂಪಿನಿಂದ 1.1 ಕೆಜಿ, ಗ್ಯಾಸಿನಿಂದ 1.3 ಕೆಜಿ, ಕರೆಂಟ್ ಗೀಸರ್‌ನಿಂದ 3.5 ಕೆಜಿ. ಗ್ಯಾಸಿಗೂ ಹೀಟ್ ಪಂಪಿಗೂ ಇರುವ ವ್ಯತ್ಯಾಸ ಹೇಳಿಕೊಳ್ಳುವಂತಹದ್ದಲ್ಲ. ಮಾಡಿನ ಮೇಲೆ ಸೋಲಾರ್ ಫಲಕ ಹಾಕಿಸಿ, ಹೀಟ್ ಪಂಪನ್ನು ಟೈಮರ್ ಇಟ್ಟು ನಡುಮಧ್ಯಾಹ್ನ ಓಡಿಸುವಿರಾದರೆ ಮಾತ್ರ ಆ ವ್ಯತ್ಯಾಸ ದೊಡ್ಡದಾಗುತ್ತದೆ.

ನಿಮ್ಮ ಮನೆಯ ಮಟ್ಟಿಗೆ ನನ್ನ ಅಭಿಪ್ರಾಯ ಹೀಗಿದೆ. ಬೆಳಿಗ್ಗೆ ಏಳರಿಂದ ಎಂಟರೊಳಗೆ ಮೂರು ಬಚ್ಚಲಿಗೂ ನೀರು ಬೇಕಾಗುವ, ಮಳೆಗಾಲದಲ್ಲಿ ಕಿಟಕಿ ತೆರೆಯಲು ಒಪ್ಪದ ಹಿರಿಯರಿರುವ ಮನೆಗೆ ನಾನು 200 ಲೀಟರಿನ ಹೀಟ್ ಪಂಪನ್ನೇ ಹೇಳುತ್ತೇನೆ. ಅದು ಹಣ ಉಳಿಸುತ್ತದೆ ಎಂದಲ್ಲ, ಬಚ್ಚಲಿನ ಹತ್ತಿರ ಬೆಂಕಿ ಬೇಡ ಎಂದು. 300 ಲೀಟರಿನದು ಬೇಡ; 50 ಡಿಗ್ರಿಯ 200 ಲೀಟರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 300 ಲೀಟರಿಗಿಂತ ಹೆಚ್ಚೇ ಆಗುತ್ತದೆ. ಹೀಟ್ ಪಂಪಿಗಾಗಿ ಸಾಲ ಮಾಡಬೇಕಾದ ಸ್ಥಿತಿಯಿದ್ದರೆ ಹೊರಗೋಡೆಯ ಗ್ಯಾಸ್ ಗೀಸರ್ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಮುಂದೆ ಹೀಟ್ ಪಂಪಿಗೂ ಹೊಂದುವಂತೆ ಎಳೆಸಿಡಿ. ಉಡುಪಿ ಅಥವಾ ಮಂಗಳೂರಿನಲ್ಲೇ ಸರ್ವಿಸ್‌ಗೆ ಬರುವವರಿದ್ದಾರೆಯೇ ಎಂದು ವಿಚಾರಿಸದೆ ಯಾವ ಕಂಪನಿಯ ಯಂತ್ರವನ್ನೂ ಕೊಳ್ಳಬೇಡಿ. ಬೆಂಗಳೂರಿನಿಂದ ಬರಬೇಕಾದ ಮೆಕ್ಯಾನಿಕ್‌ಗಾಗಿ ಹದಿನೈದು ದಿನ ತಣ್ಣೀರು ಮೀಯುವುದು ನಿಮ್ಮ ತಂದೆಯವರಿಗೆ ಕಷ್ಟವಾದೀತು.

ಹಿತ್ತಿಲಲ್ಲಿ ತೆಂಗಿನ ಮರಗಳಿದ್ದರೆ ಹೊರಗೊಂದು ಬಚ್ಚಲೊಲೆಯನ್ನೂ ಹಂಡೆಯನ್ನೂ ಉಳಿಸಿಕೊಳ್ಳಿ. ಮಡಲು, ಗೆರಟೆ, ಸಿಪ್ಪೆ ಹೇಗೂ ಬಿದ್ದಿರುತ್ತವೆ, ಕರೆಂಟು ಹೋದ ದಿನ ಆರು ಜನಕ್ಕೂ ಅದೇ ಗತಿ, ದೀಪಾವಳಿಯಲ್ಲಿ ನೀರು ತುಂಬಿಸಲು ನಿಮ್ಮ ತಾಯಿಯವರಿಗೆ ಹಂಡೆಯೇ ಬೇಕು. ಆಟಿಯಲ್ಲಿ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮಕ್ಕಳ ಯೂನಿಫಾರಂ ಒಣಗುವ ಸೌಕರ್ಯ ಲಕ್ಷ ರೂಪಾಯಿಯ ಯಂತ್ರದಲ್ಲೂ ಇಲ್ಲ. ಹೀಟ್ ಪಂಪ್ ಹೊರಬಿಡುವುದು ತಣ್ಣನೆಯ ಗಾಳಿಯನ್ನು.

ಗೋಡೆಗೆ ಸಾರಣೆ ಆಗುವ ಮೊದಲು ಮೇಸ್ತ್ರಿಯವರಿಗೆ ಹೇಳಿ ಮಾಡಿಸಬೇಕಾದ ಕೆಲಸಗಳಿವೆ: ಪೂರ್ವದ ಗೋಡೆಯ ಹೊರಗೆ ಮೂರಡಿ ಅಗಲ, ಮೂರಡಿ ಉದ್ದದ, 300 ಕೆಜಿ ಭಾರ ತಾಳುವ ಕಟ್ಟೆ, ಅದರ ಪಕ್ಕದಲ್ಲಿ 16 ಆಂಪಿಯರಿನ ಪಾಯಿಂಟ್, ಹನಿನೀರು ಹರಿಯಲು ಒಂದು ಇಂಚಿನ ಪೈಪು, ಮೂರೂ ಬಚ್ಚಲಿಗೆ ಫೋಮ್ ಸುತ್ತಿದ ಬಿಸಿನೀರಿನ ಪೈಪು. ಓವರ್‌ಹೆಡ್ ಟ್ಯಾಂಕಿನ ಕಟ್ಟೆಯನ್ನು ತಾರಸಿಯಿಂದ ಆರಡಿ ಎತ್ತರಿಸಲು ಇದೇ ಹೊತ್ತಿನಲ್ಲಿ ಹೇಳಿಬಿಡಿ. ಯಂತ್ರ ಯಾವುದೇ ಆಗಲಿ, ಮೇಲಿನ ಬಚ್ಚಲಿನ ಶವರಿಗೆ ಅಷ್ಟು ಎತ್ತರ ಬೇಕಾಗುತ್ತದೆ.